ವೃದ್ಧರ ಮನೆಯಲ್ಲಿ ನಮ್ಮ ಪಾಲು

ನಿಮ್ಮ ಮಗ ಆಕ್ಲಂಡ್‌ನಲ್ಲೋ ಮೆಲ್ಬರ್ನ್‌ನಲ್ಲೋ ಉದ್ಯೋಗದಲ್ಲಿದ್ದಾನೆಂದು ಭಾವಿಸಿರಿ. ಸಂಬಳದಲ್ಲಿ ಅಷ್ಟಿಷ್ಟು ಉಳಿಯುತ್ತದೆ. ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಬರುತ್ತದೆ, ಅದು ಅವನಿಗೆ ಬೇಡ. ಒಂದು ಶುಕ್ರವಾರ ಸಂಜೆ ಅವನು ಫೋನ್ ಮಾಡಿ ಕೇಳುತ್ತಾನೆ: “ಅಬ್ಬಾ, ಇಲ್ಲಿ ವೃದ್ಧರಿಗಾಗಿ ಮನೆ ಕಟ್ಟಿ ಆರೈಕೆ ಮಾಡುವ ದೊಡ್ಡ ಕಂಪೆನಿಗಳಿವೆ. ವೃದ್ಧರ ಸಂಖ್ಯೆ ಹೆಚ್ಚುತ್ತಲೇ ಇದೆ. ಇದು ಮದ್ಯದ ವ್ಯಾಪಾರವಲ್ಲ, ಜೂಜಿನದ್ದಲ್ಲ. ಇವುಗಳ ಷೇರು ಕೊಳ್ಳಬಹುದೇ?”

ನೀವು ಏನೆಂದು ಉತ್ತರಿಸುವಿರಿ? “ಒಳ್ಳೆಯ ಕೆಲಸವಲ್ಲವೇ, ಕೊಂಡುಕೋ” ಎನ್ನುವಿರಾ? ಅಥವಾ “ಷೇರು ಎಂದರೆ ಜೂಜು, ಬೇಡ” ಎಂದು ಫೋನ್ ಇಡುವಿರಾ? ಎರಡೂ ಅವಸರದ ಉತ್ತರಗಳು. ಸತ್ಯವಿಶ್ವಾಸಿಯ ಸಂಪಾದನೆಯ ಬಗ್ಗೆ ಪರಲೋಕದಲ್ಲಿ ಎರಡು ಪ್ರಶ್ನೆಗಳಿವೆ: ಎಲ್ಲಿಂದ ಗಳಿಸಿದೆ, ಎಲ್ಲಿ ಖರ್ಚು ಮಾಡಿದೆ? ಮೊದಲ ಪ್ರಶ್ನೆಗೆ ಉತ್ತರಿಸಬೇಕಾದರೆ ಆ ಹಣ ಯಾವ ದಾರಿಯಿಂದ ಬರುತ್ತದೆಂದು ತಿಳಿದಿರಬೇಕು. ಬನ್ನಿ, ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸೋಣ.

ಷೇರು ಎಂದರೆ ಪಾಲು

ಷೇರು ಎಂಬ ಪದಕ್ಕೆ ಕನ್ನಡದಲ್ಲಿ ಪಾಲು ಎಂದರ್ಥ. ಒಂದು ಕಂಪೆನಿಯ ನೂರು ಷೇರು ನಿಮ್ಮ ಬಳಿ ಇದೆಯೆಂದರೆ ಆ ಕಂಪೆನಿಯಲ್ಲಿ, ಎಷ್ಟೇ ಸಣ್ಣದಿರಲಿ, ನೀವು ಪಾಲುದಾರರು. ಅದರ ಕಟ್ಟಡದಲ್ಲಿ, ಸಾಲದಲ್ಲಿ, ಲಾಭದಲ್ಲಿ ನಿಮಗೆ ಪಾಲಿದೆ. ಬ್ಯಾಂಕಿನಲ್ಲಿ ಠೇವಣಿ ಇಟ್ಟವನು ಕೇವಲ ಸಾಲಗಾರನಿಗೆ ಹಣ ಕೊಟ್ಟವನು. ಷೇರು ಕೊಂಡವನು ಅಂಗಡಿಯ ಯಜಮಾನರಲ್ಲೊಬ್ಬ. ಇಸ್ಲಾಮ್ ಪಾಲುದಾರಿಕೆಯ ವ್ಯಾಪಾರವನ್ನು ಧರ್ಮಸಮ್ಮತಗೊಳಿಸಿದೆ, ಏಕೆಂದರೆ ಅಲ್ಲಿ ಲಾಭದ ಜೊತೆಗೆ ನಷ್ಟದ ಹೊಣೆಯೂ ಇದೆ. ಇಬ್ಬರು ಪಾಲುದಾರರಲ್ಲಿ ಒಬ್ಬನು ಇನ್ನೊಬ್ಬನಿಗೆ ವಂಚಿಸದಿರುವ ತನಕ ಅಲ್ಲಾಹನ ಅನುಗ್ರಹ ಅವರ ಜೊತೆಗಿರುತ್ತದೆಂಬ ಆಶಯದ ಹದೀಸನ್ನು ನೀವು ಕೇಳಿರಬಹುದು.

ಆದರೆ ಯಜಮಾನನಾದವನು “ನನಗೇನೂ ಗೊತ್ತಿರಲಿಲ್ಲ” ಎನ್ನುವಂತಿಲ್ಲ. ನಿಮ್ಮ ಊರಿನ ಪೇಟೆಯಲ್ಲಿ ನಾಲ್ವರು ಸೇರಿ ಹೋಟೆಲು ತೆರೆದರೆ ಅಡುಗೆಮನೆಗೆ ಒಮ್ಮೆಯಾದರೂ ಇಣುಕಿ ನೋಡುವುದಿಲ್ಲವೇ? ದೂರದ ದೇಶದ ಕಂಪೆನಿಯ ವಿಷಯದಲ್ಲೂ ಅದೇ ನ್ಯಾಯ. ಆದ್ದರಿಂದ ಮೂರು ಬಾಗಿಲುಗಳನ್ನು ತೆರೆದು ನೋಡಬೇಕು: ಕಸುಬು ಯಾವುದು, ಹಣದ ವ್ಯವಸ್ಥೆ ಹೇಗೆ, ಲಾಭ ಯಾರ ಪಾಲಿನಿಂದ ಬರುತ್ತಿದೆ?

ಮೊದಲ ಬಾಗಿಲು: ಕಸುಬು

ನ್ಯೂಝಿಲೆಂಡ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಎರಡು ಬಗೆಯ ಸಂಸ್ಥೆಗಳಿವೆ. ಒಂದು ‘ರಿಟೈರ್‌ಮೆಂಟ್ ವಿಲೇಜ್’, ಅಂದರೆ ನಿವೃತ್ತರ ಗ್ರಾಮ. ಕೈಕಾಲು ಗಟ್ಟಿಯಿರುವ ಹಿರಿಯರು ಅಲ್ಲಿ ಚಿಕ್ಕ ಮನೆಗಳಲ್ಲಿ ಸ್ವತಂತ್ರವಾಗಿ ವಾಸಿಸುತ್ತಾರೆ. ಇನ್ನೊಂದು ಆರೈಕೆ ಕೇಂದ್ರ. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆಯವರು ಅಲ್ಲಿ ದಾದಿಯರ ಆಶ್ರಯದಲ್ಲಿರುತ್ತಾರೆ. ನ್ಯೂಝಿಲೆಂಡಿನ ರೈಮನ್ ಹೆಲ್ತ್‌ಕೇರ್ ಕಂಪೆನಿ 1984ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಆರಂಭವಾಗಿ 1999ರಲ್ಲಿ ಷೇರು ಪೇಟೆಗೆ ಬಂತು. ಸಮ್ಮರ್‌ಸೆಟ್, ಓಷಿಯಾನಿಯಾ ಎಂಬ ಕಂಪೆನಿಗಳೂ ಅಲ್ಲಿವೆ. ಆಸ್ಟ್ರೇಲಿಯಾದಲ್ಲಿ 2014ರ ಒಂದೇ ವರ್ಷದಲ್ಲಿ ಜಪಾರಾ, ರೀಜಿಸ್, ಎಸ್ಟಿಯಾ ಎಂಬ ಮೂರು ಆರೈಕೆ ಕಂಪೆನಿಗಳು ಷೇರು ಪೇಟೆಯನ್ನು ಪ್ರವೇಶಿಸಿದವು.

ವೃದ್ಧರಿಗೆ ಸೂರು, ಊಟ, ಔಷಧ, ಸ್ನಾನ, ಮಾತು ಒದಗಿಸುವುದು ಪಾಪದ ಕಸುಬಲ್ಲ. ಅದು ಪುಣ್ಯದ ಕೆಲಸ, ಅದಕ್ಕೆ ನ್ಯಾಯವಾದ ಸಂಭಾವನೆ ಪಡೆಯುವುದೂ ತಪ್ಪಲ್ಲ. ಹಲವು ಗ್ರಾಮಗಳಲ್ಲಿ ಮದ್ಯ ಬಡಿಸುವ ಕೊಠಡಿಯೂ ಇರುತ್ತದೆ ಎಂಬುದನ್ನು ನಿಮ್ಮ ಮಗನಿಗೆ ತಿಳಿಸಿರಿ. ಆದರೆ ಅದು ಮೂಲ ಕಸುಬಲ್ಲ. ಮೊದಲ ಬಾಗಿಲನ್ನು ನಾವು ಹೆಚ್ಚು ಕಡಿಮೆ ನಿಶ್ಚಿಂತೆಯಿಂದ ದಾಟಬಹುದು. ತೊಡಕಿರುವುದು ಮುಂದಿನ ಎರಡರಲ್ಲಿ.

ಎರಡನೆಯ ಬಾಗಿಲು: ಹಣದ ವ್ಯವಸ್ಥೆ

ಇಲ್ಲಿ ಎರಡು ಸಂಗತಿಗಳನ್ನು ನೋಡಬೇಕು. ಒಂದು, ಕಂಪೆನಿ ಹೊರಗಿನಿಂದ ಪಡೆದ ಸಾಲ. ಎರಡು, ವೃದ್ಧರಿಂದಲೇ ಪಡೆಯುವ ಮೊತ್ತ.

ಗ್ರಾಮ ಕಟ್ಟಲು ಭೂಮಿ, ಸಿಮೆಂಟು, ಕೂಲಿ ಎಲ್ಲದಕ್ಕೂ ಮೊದಲೇ ಹಣ ಬೇಕು. ಕಂಪೆನಿಗಳು ಬ್ಯಾಂಕಿನಿಂದ ಬಡ್ಡಿ ಸಾಲ ತರುತ್ತವೆ, ಬಾಂಡ್‌ಗಳನ್ನೂ ಮಾರುತ್ತವೆ. ಇದು ಎಷ್ಟು ಭಾರವಾಗಬಹುದು ಎಂಬುದಕ್ಕೆ ರೈಮನ್ ಕಂಪೆನಿಯೇ ಉದಾಹರಣೆ. ಸಾಲದ ಹೊರೆ ಇಳಿಸಲು ಅದು 2023ರಲ್ಲಿ ತನ್ನ ಪಾಲುದಾರರಿಂದ 902 ಮಿಲಿಯನ್ ನ್ಯೂಝಿಲೆಂಡ್ ಡಾಲರ್ ಹೊಸದಾಗಿ ಎತ್ತಬೇಕಾಯಿತು. ಎರಡೇ ವರ್ಷಗಳಲ್ಲಿ, 2025ರಲ್ಲಿ, ಮತ್ತೆ 1 ಬಿಲಿಯನ್ ಡಾಲರ್ ಎತ್ತಿತು. ವರ್ಷವರ್ಷವೂ ಲಾಭಾಂಶ ಬರುತ್ತದೆಂದು ನಂಬಿದ್ದವರಿಗೆ ಲಾಭಾಂಶವೂ ನಿಂತಿತು. ವೃದ್ಧರು ಹೆಚ್ಚುತ್ತಿದ್ದಾರೆ ಎಂಬುದು ಸತ್ಯ. ಆದ್ದರಿಂದ ಷೇರಿನ ಬೆಲೆ ಏರಲೇಬೇಕೆಂಬುದು ಮಾತ್ರ ಸತ್ಯವಲ್ಲ.

ಬಡ್ಡಿ ಸಾಲವಿರುವ ಕಂಪೆನಿಯ ಷೇರಿನ ಬಗ್ಗೆ ನಮ್ಮ ವಿದ್ವಾಂಸರಲ್ಲಿ ಎರಡು ನಿಲುವುಗಳಿವೆ. ಇಸ್ಲಾಮೀ ಸಹಕಾರ ಸಂಘಟನೆಯ ಫಿಕ್‌ಹ್ ಅಕಾಡೆಮಿಯು 1992ರಲ್ಲಿ ಜಿದ್ದಾದಲ್ಲಿ ಸೇರಿದಾಗ, ಮೂಲ ಕಸುಬು ಧರ್ಮಸಮ್ಮತವಾಗಿದ್ದರೂ ಬಡ್ಡಿಯಂತಹ ನಿಷಿದ್ಧಗಳಲ್ಲಿ ಆಗಾಗ ತೊಡಗುವ ಕಂಪೆನಿಯ ಷೇರು ಮೂಲತಃ ನಿಷಿದ್ಧವೆಂದಿತು. ಬಹ್ರೈನ್‌ನಲ್ಲಿರುವ ಇಸ್ಲಾಮೀ ಹಣಕಾಸು ಮಾನದಂಡಗಳ ಸಂಸ್ಥೆಯು ಬಡ್ಡಿಯ ವ್ಯವಹಾರವನ್ನು ನಿಷಿದ್ಧವೆಂದೇ ಎತ್ತಿಹಿಡಿದು, ಇಂದಿನ ಲೋಕದಲ್ಲಿ ಅದರಿಂದ ಪೂರ್ಣ ಮುಕ್ತವಾದ ಕಂಪೆನಿ ಅಪರೂಪವಾದ್ದರಿಂದ ಕೆಲವು ಗಡಿಗಳನ್ನು ಹಾಕಿತು. ಅದರ 21ನೆಯ ಮಾನದಂಡದ ಪ್ರಕಾರ ಬಡ್ಡಿ ಸಾಲವು ಕಂಪೆನಿಯ ಒಟ್ಟು ಷೇರು ಮೌಲ್ಯದ ಶೇಕಡಾ 30ನ್ನು ಮೀರಬಾರದು, ಬಡ್ಡಿಗಿಟ್ಟ ಠೇವಣಿಯೂ ಶೇಕಡಾ 30ನ್ನು ಮೀರಬಾರದು, ನಿಷಿದ್ಧ ಮೂಲದ ಆದಾಯ ಶೇಕಡಾ 5ನ್ನು ಮೀರಬಾರದು.

ಈ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಿರಿ. ಒಂದು ಕಂಪೆನಿಯ ಎಲ್ಲ ಷೇರುಗಳ ಪೇಟೆ ಬೆಲೆ 100 ಕೋಟಿ, ಬಡ್ಡಿ ಸಾಲ 28 ಕೋಟಿ ಎಂದಿರಲಿ. ಅದು ಗಡಿಯೊಳಗಿದೆ. ಷೇರಿನ ಬೆಲೆ ಕುಸಿದು ಪೇಟೆ ಬೆಲೆ 70 ಕೋಟಿಗಿಳಿದರೆ? ಸಾಲ ಅಷ್ಟೇ ಇದ್ದರೂ ಈಗ ಅದು ಶೇಕಡಾ 40. ನಿನ್ನೆ ಗಡಿಯೊಳಗಿದ್ದದ್ದು ಇಂದು ಹೊರಗೆ. ಆದ್ದರಿಂದ ಒಮ್ಮೆ ನೋಡಿ ಮರೆತುಬಿಡುವುದಲ್ಲ, ವರ್ಷವೂ ನೋಡಬೇಕು. ಗಡಿಯೊಳಗಿದ್ದರೂ, ಆದಾಯದಲ್ಲಿ ಬೆರೆತಿರುವ ನಿಷಿದ್ಧ ಭಾಗವನ್ನು ಬೇರ್ಪಡಿಸಿ, ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟುಬಿಡಬೇಕು. ಉದಾಹರಣೆಗೆ, ಕಂಪೆನಿಯ ಆದಾಯದಲ್ಲಿ ಶೇಕಡಾ 3 ಬಡ್ಡಿಯಿಂದ ಬಂದದ್ದಾಗಿದ್ದು ನಿಮಗೆ 400 ಡಾಲರ್ ಲಾಭಾಂಶ ಬಂದಿದ್ದರೆ, ಅದರ ಶೇಕಡಾ 3, ಅಂದರೆ 12 ಡಾಲರ್ ನಿಮ್ಮದಲ್ಲವೆಂದು ಬೇರೆ ಇಡುವ ಕ್ರಮವಿದೆ. ಝಕಾತ್ ಅದಕ್ಕೆ ಹೊರತಾದ ಬೇರೆಯೇ ಕಡ್ಡಾಯ. ಒಂದನ್ನು ಕೊಟ್ಟು ಇನ್ನೊಂದು ತೀರಿತೆಂದು ಭಾವಿಸಬೇಡಿರಿ.

ಬೆಂಗಳೂರಿನ ‘ಲೀಸ್’ ನೆನಪಿದೆಯೇ?

ಇನ್ನು ವೃದ್ಧರಿಂದ ಪಡೆಯುವ ಮೊತ್ತ. ನ್ಯೂಝಿಲೆಂಡಿನ ಗ್ರಾಮದಲ್ಲಿ ವೃದ್ಧನು ಮನೆಯನ್ನು ಕೊಳ್ಳುವುದಿಲ್ಲ. ಸಾಮಾನ್ಯವಾಗಿ ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ಅಲ್ಲಿ ವಾಸಿಸುವ ಹಕ್ಕನ್ನು ಮಾತ್ರ ಪಡೆಯುತ್ತಾನೆ. ವಾರವಾರ ಒಂದು ಶುಲ್ಕವನ್ನೂ ಕೊಡುತ್ತಾನೆ. ಅವನು ತೀರಿಕೊಂಡಾಗ ಅಥವಾ ಮನೆ ಬಿಟ್ಟಾಗ ಕಂಪೆನಿಯು ಸಾಮಾನ್ಯವಾಗಿ ಶೇಕಡಾ 20ರಿಂದ 30ರಷ್ಟನ್ನು ಮುರಿದುಕೊಂಡು ಉಳಿದದ್ದನ್ನು ಹಿಂತಿರುಗಿಸುತ್ತದೆ. ಅಷ್ಟರಲ್ಲಿ ಮನೆಯ ಬೆಲೆ ಏರಿದ್ದರೆ ಆ ಏರಿಕೆ ಹೆಚ್ಚಿನ ಒಪ್ಪಂದಗಳಲ್ಲಿ ಕಂಪೆನಿಗೇ ಸೇರುತ್ತದೆ. ಎಷ್ಟೋ ಒಪ್ಪಂದಗಳಲ್ಲಿ ಹೊಸಬರು ಬಂದು ಹಣ ಕೊಡುವ ತನಕ ಹಳಬರ ಮಕ್ಕಳು ಕಾಯಬೇಕು. ಷೇರುದಾರನ ಲಾಭದ ದೊಡ್ಡ ಭಾಗ ಹುಟ್ಟುವುದು ಇಲ್ಲಿ.

ಆಸ್ಟ್ರೇಲಿಯಾದ ಆರೈಕೆ ಕೇಂದ್ರಗಳಲ್ಲಿ ಇನ್ನೊಂದು ರೂಪವಿದೆ. ಕೊಠಡಿಗಾಗಿ ದೊಡ್ಡ ಠೇವಣಿ ಇಡಬಹುದು. ಇಲ್ಲವೇ ಠೇವಣಿಯ ಬದಲು ದಿನದಿನದ ಬಾಡಿಗೆ ಕೊಡಬಹುದು. ಆ ದಿನಬಾಡಿಗೆಯನ್ನು ಸರಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಬಡ್ಡಿದರದಿಂದ ಲೆಕ್ಕ ಹಾಕುತ್ತಾರೆ. ಠೇವಣಿ ಇಟ್ಟವರಿಗೆ ಕೊಠಡಿಯ ಬಾಡಿಗೆ ಇಲ್ಲ, ಹೋಗುವಾಗ ಠೇವಣಿ ಮರಳುತ್ತದೆ. 2025ರ ನವೆಂಬರ್ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಂತೆ, ಅಂದಿನಿಂದ ಸೇರುವವರ ಠೇವಣಿಯಲ್ಲಿ ಕೇಂದ್ರಗಳು ವರ್ಷಕ್ಕೆ ಶೇಕಡಾ 2ರಂತೆ ಐದು ವರ್ಷಗಳವರೆಗೆ ಮುರಿದುಕೊಳ್ಳುತ್ತವೆ.

ಓದುಗರೇ, ಇದನ್ನು ಕೇಳುವಾಗ ಬೆಂಗಳೂರಿನ ‘ಲೀಸ್’ ಮನೆಗಳು ನಿಮಗೆ ನೆನಪಾಗಲಿಲ್ಲವೇ? ಯಜಮಾನನಿಗೆ ಕೆಲವು ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಪೂರ್ತಿ ಹಣ ಮರಳಿ ಪಡೆಯುವ ಪದ್ಧತಿ. ಕೊಟ್ಟ ಹಣ ಸಾಲವೇ ಆಗಿದ್ದು, ಆ ಸಾಲದ ಕಾರಣಕ್ಕೆ ಮನೆಯ ಉಪಯೋಗ ಉಚಿತವಾಗಿ ಸಿಗುವುದರಿಂದ ಇದರಲ್ಲಿ ಬಡ್ಡಿಯಿದೆಯೆಂದು ಅನೇಕ ಉಲಮಾಗಳು ಎಚ್ಚರಿಸಿದ್ದಾರೆ. ದೂರದೇಶದ ಠೇವಣಿಯೂ ಅದೇ ಪ್ರಶ್ನೆಯನ್ನೆತ್ತುತ್ತದೆ. ನ್ಯೂಝಿಲೆಂಡಿನ ಗ್ರಾಮದ ಒಪ್ಪಂದದಲ್ಲಿ ಮುರಿದುಕೊಳ್ಳುವ ಭಾಗವನ್ನು ಕೊನೆಯಲ್ಲಿ ಕೊಡುವ ಬಾಡಿಗೆಯೆಂದು ಪರಿಗಣಿಸಬಹುದೇ? ಹಣ ಯಾವಾಗ ಮರಳುತ್ತದೆಂಬ ಅನಿಶ್ಚಿತತೆ ಎಷ್ಟರ ಮಟ್ಟಿಗೆ ಕ್ಷಮ್ಯ? ಇವಕ್ಕೆ ತೀರ್ಪು ನೀಡುವುದು ಈ ಲೇಖನದ ಕೆಲಸವಲ್ಲ. ನಿಮ್ಮ ಮಗನು ಅಲ್ಲಿಯ ನಂಬಿಕಸ್ಥ ವಿದ್ವಾಂಸರ ಮುಂದೆ “ವೃದ್ಧರ ಮನೆಯ ಷೇರು ಹಲಾಲೇ?” ಎಂದಷ್ಟೇ ಕೇಳಿದರೆ ಸಾಲದು, ಒಪ್ಪಂದದ ರೂಪವನ್ನೇ ಅವರ ಮುಂದಿಡಬೇಕು. ಪ್ರಶ್ನೆ ಅರ್ಧವಾದರೆ ಉತ್ತರವೂ ಅರ್ಧವೇ.

ಮೂರನೆಯ ಬಾಗಿಲು: ಲಾಭ ಯಾರ ಪಾಲಿನಿಂದ?

ಮೇಲಿನ ಲೆಕ್ಕಗಳೆಲ್ಲ ಸರಿಬಂದರೂ ಕೆಲಸ ಮುಗಿಯಲಿಲ್ಲ. ಶೇಕಡಾವಾರುಗಳ ಪಟ್ಟಿಯಲ್ಲಿ ಕಾಣದ ಒಂದು ಸಂಗತಿ ಇಲ್ಲಿದೆ.

ಆರೈಕೆ ಕೇಂದ್ರದಲ್ಲಿ ಅತಿ ದೊಡ್ಡ ಖರ್ಚು ಯಾವುದು? ಕೆಲಸದವರ ಸಂಬಳ. ಆಮೇಲೆ ಊಟ. ಲಾಭ ಹೆಚ್ಚಿಸಲು ಸುಲಭ ದಾರಿ ಯಾವುದು? ರಾತ್ರಿಯ ಪಾಳಿಯಲ್ಲಿ ಇಬ್ಬರು ದಾದಿಯರ ಬದಲು ಒಬ್ಬಳನ್ನು ಇಡುವುದು, ತಟ್ಟೆಯಲ್ಲಿ ಒಂದು ತುಂಡು ಕಡಿಮೆ ಮಾಡುವುದು. ಗಂಟೆ ಬಾರಿಸಿದ ವೃದ್ಧೆ ಒದ್ದೆ ಬಟ್ಟೆಯಲ್ಲೇ ಕಾಯುತ್ತಾಳೆ. ಮರೆವಿನ ಕಾಯಿಲೆಯವಳಾದರೆ ದೂರು ಕೊಡಲೂ ಅವಳಿಂದಾಗದು.

ಇದು ಕೇವಲ ಊಹೆಯಲ್ಲ. ಆಸ್ಟ್ರೇಲಿಯಾ ಸರಕಾರವು 2018ರಲ್ಲಿ ವೃದ್ಧರ ಆರೈಕೆಯ ಬಗ್ಗೆ ಉನ್ನತ ತನಿಖಾ ಆಯೋಗವನ್ನು ನೇಮಿಸಿತು. ಅದರ 2019ರ ಮಧ್ಯಂತರ ವರದಿಯ ಹೆಸರೇ ‘ನಿರ್ಲಕ್ಷ್ಯ’ ಎಂದಿತ್ತು. 2021ರ ಮಾರ್ಚ್‌ನಲ್ಲಿ ಬಂದ ಅಂತಿಮ ವರದಿಯು 148 ಶಿಫಾರಸುಗಳನ್ನು ಮಾಡಿತು. ಆರೈಕೆ ಪಡೆಯುವ ಮೂವರಲ್ಲಿ ಒಬ್ಬರಾದರೂ ಕಳಪೆ ಆರೈಕೆಯನ್ನು ಅನುಭವಿಸಿದ್ದಾರೆಂದು ಅಂದಾಜು ಮಾಡಿತು. ಈ ದೋಷ ಲಾಭದ ಕಂಪೆನಿಗಳಲ್ಲಿ ಮಾತ್ರ ಇತ್ತೆಂದಲ್ಲ, ಇಡೀ ವ್ಯವಸ್ಥೆಯಲ್ಲಿತ್ತು. ಆ ಬಳಿಕ ಪ್ರತಿ ಕೇಂದ್ರದಲ್ಲೂ ಹಗಲು ರಾತ್ರಿ ದಾದಿ ಇರಬೇಕೆಂಬ ನಿಯಮ 2023ರ ಜುಲೈಯಿಂದ ಬಂತು. 2024ರ ಅಕ್ಟೋಬರ್‌ನಿಂದ ಪ್ರತಿಯೊಬ್ಬ ವೃದ್ಧನಿಗೆ ದಿನಕ್ಕೆ ಸರಾಸರಿ 215 ನಿಮಿಷಗಳ ಆರೈಕೆ, ಅದರಲ್ಲಿ 44 ನಿಮಿಷ ನೋಂದಾಯಿತ ದಾದಿಯಿಂದ ಎಂದು ನಿಗದಿಯಾಯಿತು. ಯೋಚಿಸಿರಿ, ತಾಯಿಯ ಆರೈಕೆಯನ್ನು ನಿಮಿಷಗಳಲ್ಲಿ ಅಳೆದು ಕಾನೂನು ಮಾಡಬೇಕಾಯಿತು!

ಫ್ರಾನ್ಸಿನಲ್ಲಿ ನಡೆದದ್ದು ಇನ್ನೂ ಎದ್ದು ಕಾಣುವ ಪಾಠ. ಓರ್ಪಿಯಾ ಎಂಬ ಕಂಪೆನಿ ಯುರೋಪಿನ ದೊಡ್ಡ ವೃದ್ಧಾರೈಕೆ ಸಂಸ್ಥೆಗಳಲ್ಲೊಂದು. ಅದರ ಷೇರು ಹೂಡಿಕೆದಾರರಿಗೆ ಅಚ್ಚುಮೆಚ್ಚಾಗಿತ್ತು. 2022ರ ಜನವರಿಯಲ್ಲಿ ವಿಕ್ಟೋರ್ ಕಾಸ್ತಾನೆ ಎಂಬ ಪತ್ರಕರ್ತರ ತನಿಖಾ ಪುಸ್ತಕ ಹೊರಬಂತು. ವೃದ್ಧರ ಊಟವನ್ನೂ ಅವರಿಗೆ ಕಟ್ಟುವ ಡಯಾಪರ್‌ಗಳನ್ನೂ ಎಣಿಸಿ ಕೊಡಲಾಗುತ್ತಿತ್ತೆಂದು ಅದು ಆರೋಪಿಸಿತು. ಕೆಲವೇ ದಿನಗಳಲ್ಲಿ ಷೇರಿನ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು, ಮುಖ್ಯಾಧಿಕಾರಿಯನ್ನು ವಜಾ ಮಾಡಲಾಯಿತು, ಸರಕಾರದ ತನಿಖೆಯೂ ಗಂಭೀರ ದೋಷಗಳನ್ನು ಕಂಡಿತು. 2023ರ ಕೊನೆಗೆ ಫ್ರಾನ್ಸಿನ ಸಾರ್ವಜನಿಕ ಹಣಕಾಸು ಸಂಸ್ಥೆಯ ನೇತೃತ್ವದ ಗುಂಪು ಕಂಪೆನಿಯ ಹಿಡಿತ ಪಡೆಯಿತು. ಹಳೆಯ ಷೇರುದಾರರ ಪಾಲು ಬಹುತೇಕ ಕರಗಿಹೋಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿರಿ. ಷೇರಿನ ಬೆಲೆ ಕುಸಿದದ್ದು ವೃದ್ಧೆಗೆ ಊಟ ಕಡಿಮೆಯಾದ ದಿನವಲ್ಲ. ಆ ಸುದ್ದಿ ಬಯಲಾದ ದಿನ. ಆಸ್ಟ್ರೇಲಿಯಾದಲ್ಲೂ 2018ರ ಸೆಪ್ಟೆಂಬರ್‌ನಲ್ಲಿ ತನಿಖೆ ಘೋಷಣೆಯಾದ ಕೂಡಲೇ ಆ ಮೂರು ಕಂಪೆನಿಗಳ ಷೇರುಗಳು ಕುಸಿದವು. ಪೇಟೆಗೆ ಅನ್ಯಾಯ ಕಾಣುವುದಿಲ್ಲ, ಅನ್ಯಾಯದ ಸುದ್ದಿ ಮಾತ್ರ ಕಾಣುತ್ತದೆ. ಆದರೆ ಅಲ್ಲಾಹನಿಗೆ ಸುದ್ದಿ ಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಬಾರಿಸಿದ ಆ ಗಂಟೆಯನ್ನು ಅವನು ಆಗಲೇ ಕೇಳಿದ್ದಾನೆ.

ಅಳತೆಯಲ್ಲಿ ಕಡಿತ ಮಾಡುವವರಿಗೆ, ತಾವು ಪಡೆಯುವಾಗ ಪೂರ್ತಿ ಪಡೆದು ಇತರರಿಗೆ ಕೊಡುವಾಗ ತೂಕ ಇಳಿಸುವವರಿಗೆ ವಿನಾಶವಿದೆಯೆಂದು ಕುರ್‌ಆನಿನ 83ನೆಯ ಅಧ್ಯಾಯದ ಆರಂಭ ಎಚ್ಚರಿಸುತ್ತದೆ. ಈ ಎಚ್ಚರಿಕೆ ಅಕ್ಕಿ, ಬೇಳೆಗೆ ಮಾತ್ರ ಎಂದು ಭಾವಿಸಬೇಡಿರಿ. ಪೂರ್ಣ ಆರೈಕೆಯ ಹಣ ಪಡೆದು ಮುಕ್ಕಾಲು ಆರೈಕೆ ಕೊಡುವುದೂ ತಕ್ಕಡಿಯ ಕಳ್ಳತನವೇ. ಆ ಕಾಲು ಭಾಗ ಲಾಭಾಂಶವಾಗಿ ನಿಮ್ಮ ಖಾತೆಗೆ ಬಂದರೆ ಅದನ್ನು ಏನೆಂದು ಕರೆಯುವಿರಿ?

ಹೂಡಿಕೆದಾರರ ಆಟ ಮುಗಿದಾಗ ವೃದ್ಧರ ಗತಿ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಸದರ್ನ್ ಕ್ರಾಸ್ ಕಂಪೆನಿ ಸಾಕ್ಷಿ. ಅದು ನಡೆಸುತ್ತಿದ್ದ ಮನೆಗಳ ಕಟ್ಟಡಗಳು ಬೇರೆಯವರಿಗೆ ಮಾರಾಟವಾಗಿ, ಅವನ್ನೇ ಏರುವ ಬಾಡಿಗೆಗೆ ಪಡೆಯಲಾಗಿತ್ತು. 2006ರಲ್ಲಿ ಷೇರು ಪೇಟೆಗೆ ಬಂದ ಕಂಪೆನಿ 2011ರಲ್ಲಿ ಬಾಡಿಗೆ ಕೊಡಲಾಗದೆ ಮುಳುಗಿತು. 30,000ಕ್ಕೂ ಹೆಚ್ಚು ವೃದ್ಧರು ನಾಳೆ ತಮ್ಮ ಹಾಸಿಗೆ ಎಲ್ಲಿರುತ್ತದೋ ಎಂಬ ಆತಂಕದಲ್ಲಿ ದಿನ ಕಳೆದರು. ಕೊನೆಗೆ ಬೇರೆ ಸಂಸ್ಥೆಗಳು ಆ ಮನೆಗಳನ್ನು ವಹಿಸಿಕೊಂಡವು. ಷೇರುದಾರನು ನಷ್ಟವಾದರೆ ಮಾರಿ ಹೊರಡಬಹುದು. ಎಂಬತ್ತೈದರ ವೃದ್ಧೆ ಎಲ್ಲಿಗೆ ಹೊರಡಬೇಕು?

ಹಾಗಾದರೆ ಏನು ಮಾಡಬೇಕು?

ಇಷ್ಟನ್ನು ಓದಿ ಎಲ್ಲ ಕಂಪೆನಿಗಳೂ ಕೆಟ್ಟವೆಂದು ತೀರ್ಮಾನಿಸಬೇಡಿರಿ. ನಿಷ್ಠೆಯಿಂದ ಆರೈಕೆ ಮಾಡುವ ಸಂಸ್ಥೆಗಳೂ ಇವೆ, ಅಲ್ಲಿ ದುಡಿಯುವ ದಾದಿಯರಲ್ಲಿ ನಮ್ಮ ನಾಡಿನ ಹೆಣ್ಣುಮಕ್ಕಳೂ ಇದ್ದಾರೆ. ಫೋನ್ ಮಾಡಿದ ಮಗನಿಗೆ ಹೀಗೆ ಹೇಳಿರಿ:

ಒಂದು, ಕಂಪೆನಿಯ ವಾರ್ಷಿಕ ವರದಿ ಓದು. ಬಡ್ಡಿ ಸಾಲ ಎಷ್ಟು, ಬಡ್ಡಿ ಆದಾಯ ಎಷ್ಟು ಎಂದು ನೋಡು. ಲಾಭವೆಂದು ತೋರಿಸಿದ್ದರಲ್ಲಿ ಎಷ್ಟು ನಿಜವಾಗಿ ಕೈಗೆ ಬಂದ ಹಣ, ಎಷ್ಟು ಕಟ್ಟಡದ ಬೆಲೆ ಏರಿತೆಂದು ಕಾಗದದ ಮೇಲೆ ಬರೆದದ್ದು ಎಂದು ಬೇರ್ಪಡಿಸು.

ಎರಡು, ವೃದ್ಧರಿಂದ ಬರೆಸಿಕೊಳ್ಳುವ ಒಪ್ಪಂದವನ್ನು ಓದಿ ಉಲಮಾಗಳಿಗೆ ತೋರಿಸು. ಆ ಒಪ್ಪಂದಕ್ಕೆ ನಿನ್ನ ಉಮ್ಮನ ಸಹಿ ಹಾಕಿಸಲು ನಿನಗೆ ಮನಸ್ಸು ಬರುವುದೇ ಎಂದು ಕೇಳಿಕೊ. ತನಗಾಗಿ ಬಯಸುವುದನ್ನೇ ತನ್ನ ಸಹೋದರನಿಗೂ ಬಯಸುವುದು ವಿಶ್ವಾಸದ ಲಕ್ಷಣವೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ.

ಮೂರು, ಆ ದೇಶಗಳಲ್ಲಿ ಆರೈಕೆ ಕೇಂದ್ರಗಳ ತಪಾಸಣೆಯ ಫಲಿತಾಂಶಗಳನ್ನು ಸರಕಾರವೇ ಪ್ರಕಟಿಸುತ್ತದೆ. ಷೇರಿನ ಬೆಲೆ ನೋಡುವ ಮೊದಲು ಅದನ್ನು ನೋಡು. ರಜೆಯ ದಿನ ಒಂದು ಕೇಂದ್ರಕ್ಕೆ ಹೋಗಿ ವೃದ್ಧರೊಡನೆ ಕುಳಿತುಕೋ. ಯಾವ ವಾರ್ಷಿಕ ವರದಿಯೂ ಹೇಳದ್ದನ್ನು ಆ ಒಂದು ಗಂಟೆ ಹೇಳುತ್ತದೆ.

ನಾಲ್ಕು, ನಿನ್ನ ಸಂಬಳದಿಂದ ಮುರಿಯುವ ನಿವೃತ್ತಿ ನಿಧಿಯ ಹಣ ಎಲ್ಲೆಲ್ಲಿ ಹೂಡಿಕೆಯಾಗಿದೆ ಎಂದು ವಿಚಾರಿಸು. ನೀನು ಕೊಳ್ಳದಿದ್ದರೂ ನಿನ್ನ ಹೆಸರಿನಲ್ಲಿ ಈಗಾಗಲೇ ಕೊಂಡಿರಬಹುದು. ಷರೀಅತ್‌ಗೆ ಅನುಗುಣವಾದ ನಿಧಿಗಳು ಲಭ್ಯವಿದ್ದರೆ ಅವನ್ನು ಪರಿಶೀಲಿಸು.

ಐದು, ಮನಸ್ಸಿಗೆ ಸಂಶಯ ಉಳಿದರೆ ಬಿಟ್ಟುಬಿಡು. ಸಂಶಯದಿಂದ ದೂರವಿದ್ದವನು ತನ್ನ ಧರ್ಮವನ್ನೂ ಗೌರವವನ್ನೂ ಕಾಪಾಡಿಕೊಂಡ.

ಕೊನೆಯದಾಗಿ

ಇದು ವಿದೇಶದ ಮಾತು ಮಾತ್ರವಲ್ಲ. ನಮ್ಮ ದೇಶದಲ್ಲೂ ಹಿರಿಯರ ಮನೆಗಳನ್ನು ಕಟ್ಟುವ ಕಂಪೆನಿಗಳು ಷೇರು ಪೇಟೆಯಲ್ಲಿವೆ, ಬೆಂಗಳೂರಿನಲ್ಲೂ ಇಂತಹ ಆರೈಕೆ ಕೇಂದ್ರಗಳು ತೆರೆದಿವೆ. ನಾಳೆ ಇದೇ ಪ್ರಶ್ನೆ ನಮ್ಮ ಜಗಲಿಗೆ ಬರುತ್ತದೆ.

ಕುರ್‌ಆನಿನ 17ನೆಯ ಅಧ್ಯಾಯದಲ್ಲಿ ಅಲ್ಲಾಹನು ತನ್ನ ಆರಾಧನೆಯ ಆಜ್ಞೆಯ ಬೆನ್ನಿಗೇ ಮಾತಾಪಿತರ ವಿಷಯ ಹೇಳಿದ್ದಾನೆ: ಅವರಲ್ಲಿ ಒಬ್ಬರೋ ಇಬ್ಬರೋ ನಿಮ್ಮ ಬಳಿಯಲ್ಲಿ ವಾರ್ಧಕ್ಯ ತಲಪಿದರೆ ಬೇಸರದ ಒಂದು ಉಸಿರೂ ಹೊರಡಕೂಡದು. ‘ನಿಮ್ಮ ಬಳಿಯಲ್ಲಿ’ ಎಂಬ ಮಾತನ್ನು ಗಮನಿಸಿರಿ. ವೃದ್ಧ ತಂದೆತಾಯಿಯರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವವರೆಲ್ಲ ನಿರ್ದಯಿಗಳಲ್ಲ. ಕೆಲವು ಕಾಯಿಲೆಗಳಲ್ಲಿ ಮನೆಯವರ ಕೈಗೆ ಆಗದ ಶುಶ್ರೂಷೆ ಬೇಕಾಗುತ್ತದೆ. ಆದರೆ ಹಣ ಕೊಟ್ಟೊಡನೆ ಹೊಣೆ ತೀರುವುದಿಲ್ಲ. ಹೋಗಿ ಕಾಣುವ, ಕೈಹಿಡಿದು ಕುಳಿತುಕೊಳ್ಳುವ ಹೊಣೆ ಉಳಿದೇ ಇರುತ್ತದೆ.

ಆದ್ದರಿಂದ ಫೋನ್ ಇಡುವ ಮೊದಲು ಮಗನಿಗೆ ಇನ್ನೊಂದು ಮಾತು ಹೇಳಿರಿ: “ಮಗನೇ, ಇತರರ ತಾಯಂದಿರ ಮನೆಯಲ್ಲಿ ನಿನಗೆ ಪಾಲು ಬೇಕೋ ಬೇಡವೋ ಎಂಬುದನ್ನು ವಿಚಾರಿಸಿ ನಿರ್ಧರಿಸು. ನಿನ್ನ ಉಮ್ಮನ ಸೇವೆಯಲ್ಲಿ ನಿನಗಿರುವ ಪಾಲನ್ನು ಮಾತ್ರ ಯಾರಿಗೂ ಮಾರಲಾಗದು. ಈ ವರ್ಷ ಊರಿಗೆ ಯಾವಾಗ ಬರುತ್ತೀ?”

ನಮ್ಮ ಸಂಪಾದನೆಯನ್ನು ಶುದ್ಧಗೊಳಿಸುವ, ವೃದ್ಧರಾದ ನಮ್ಮ ಮಾತಾಪಿತರಿಗೆ ವಿನಯದ ರೆಕ್ಕೆಯನ್ನು ತಗ್ಗಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.